ಸಿಪ್ಪೆ ನೆಂದ ವರ್ಷ

ನಮ್ಮ ಮನೆಗೆ ಎರಡು ಒಲೆಗಳಿದ್ದವು. ಒಂದು ಅಡುಗೆಮನೆಯ ಮೂಲೆಯಲ್ಲಿ, ಅವ್ವನದು. ಇನ್ನೊಂದು ಹಿತ್ತಿಲ ಬಾಗಿಲು ದಾಟಿ ಐವತ್ತು ಹೆಜ್ಜೆ ನಡೆದರೆ ಸಿಗುವ ಆಲೆಮನೆಯಲ್ಲಿ, ಅಪ್ಪನದು. ಅವ್ವನ ಒಲೆ ದಿನಕ್ಕೆರಡು ಹೊತ್ತು ಉರಿದು ಆರುತ್ತಿತ್ತು. ಅಪ್ಪನ ಒಲೆ ಕಬ್ಬು ಇರುವಷ್ಟು ದಿನ ಆರುತ್ತಲೇ ಇರಲಿಲ್ಲ. ಪಾಂಡವಪುರ ಸೀಮೆಯಲ್ಲಿ ಹುಟ್ಟಿದವರಿಗೆ ಆಲೆಮನೆ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಇಷ್ಟು ತಿಳಿದರೆ ಸಾಕು: ಕಬ್ಬನ್ನು ಗಾಣಕ್ಕೆ ಕೊಟ್ಟು ಹಿಂಡಿದರೆ ಒಂದು ಕಡೆ ಹಾಲು, ಇನ್ನೊಂದು ಕಡೆ ಸಿಪ್ಪೆ. ಹಾಲು ಕೊಪ್ಪರಿಗೆಯಲ್ಲಿ ಕುದಿದು ಬೆಲ್ಲವಾಗುತ್ತದೆ. ಸಿಪ್ಪೆಯನ್ನು ಬಯಲಲ್ಲಿ ಹರವಿ ಮೂರು ದಿನ ಬಿಸಿಲಿಗೆ ಬಿಟ್ಟರೆ ಅದೇ ಆ ಕೊಪ್ಪರಿಗೆಯ ಕೆಳಗಿನ ಸೌದೆ. ಕಬ್ಬು ತನ್ನನ್ನು ತಾನೇ ಬೇಯಿಸಿಕೊಳ್ಳುತ್ತಿತ್ತು. ನಾವು ಮೇಲಿನಿಂದ ಬೇಡುತ್ತಿದ್ದುದು ಮೂರು ದಿನದ ಬಿಸಿಲು, ಅಷ್ಟೆ.

ಆ ಬಿಸಿಲು ಸಿಗುತ್ತದೋ ಇಲ್ಲವೋ ಎಂದು ಹೇಳುವ ಕೆಲಸ ಅಜ್ಜಿಯದು. ಅಪ್ಪನ ತಾಯಿ ಅವಳು. ಬೆಳಿಗ್ಗೆ ಮುಖ ತೊಳೆದು ಹಣೆಗೆ ವಿಭೂತಿ ಇಟ್ಟುಕೊಂಡು ಜಗಲಿಗೆ ಬಂದು ನಿಲ್ಲುತ್ತಿದ್ದಳು. ಕುಂತಿಬೆಟ್ಟದ ತಲೆಯ ಮೇಲೆ ಮೋಡ ಕೂತಿದೆಯೋ, ಗಾಳಿ ಯಾವ ಕಡೆಯಿಂದ ಬರುತ್ತಿದೆ, ಗೋಡೆ ಬುಡದ ಇರುವೆಗಳು ಮೊಟ್ಟೆ ಹೊತ್ತು ಮೇಲೆ ಹತ್ತುತ್ತಿವೆಯೋ ಎಂದು ನೋಡಿ, ಬೆರಳು ಮಡಿಸಿ ಯಾವ ಮಳೆ ನಕ್ಷತ್ರ ನಡೆಯುತ್ತಿದೆ ಎಂದು ಎಣಿಸುತ್ತಿದ್ದಳು. ಅಪ್ಪ ಅಷ್ಟರಲ್ಲಿ ಮೂರು ಸಲ ಹೊರಗೆ ಬಂದು ಒಳಗೆ ಹೋಗಿರುತ್ತಿದ್ದ. ಊರಲ್ಲಿ ಯಾರ ಮಾತಿಗೂ ಬಗ್ಗದ ಮನುಷ್ಯ, ಜಗಲಿಯ ಕೆಳಗೆ ನಿಂತು ತಲೆ ಎತ್ತಿ ಕೇಳುತ್ತಿದ್ದ.

"ಅವ್ವ, ಇವತ್ತು ಅರವ್ಬೋದಾ?"

"ಅರವು. ನಾಳೆ ನಾಡಿದ್ದೂ ಏನಿಲ್ಲ."

ಆ ಎರಡು ಮಾತಿನ ಮೇಲೆ ಇಡೀ ಮನೆ ನಡೆಯುತ್ತಿತ್ತು. ಅಜ್ಜಿ ಅಂದದ್ದು ತಪ್ಪಿದ್ದನ್ನು ನಾನು ನೋಡಿರಲಿಲ್ಲ. ಹಾಗಾಗಿ ಆಕಾಶ ಅವಳಿಗೆ ನೆಂಟನಿರಬೇಕು, ಬರುವ ಮುಂಚೆ ಹೇಳಿ ಕಳಿಸುತ್ತದೆ ಎಂದೇ ನಾನು ತಿಳಿದಿದ್ದೆ.

ಆಲೆಮನೆಯ ಹಿಂದೆ ನಮ್ಮ ತಾತ ಬೆಳೆಸಿದ ತೋಪು ಇತ್ತು. ಹೊಂಗೆ, ಬೇವು, ಎರಡು ಮಾವು, ಒಂದು ಹಿಪ್ಪೆ. ದೊಡ್ಡದೇನಲ್ಲ. ಆದರೆ ಮಧ್ಯಾಹ್ನ ಒಲೆಯ ಹತ್ತಿರದಿಂದ ಎದ್ದು ಅಲ್ಲಿಗೆ ಹೋದರೆ ಬೇರೆ ಊರಿಗೆ ಹೋದ ಹಾಗಾಗುತ್ತಿತ್ತು. ಆ ತೋಪಿನ ಯಜಮಾನ ಅಪ್ಪನಲ್ಲ, ಬೋರಣ್ಣ. ಒಲೆಗೆ ಉರಿ ಹಾಕುತ್ತಿದ್ದವನು ಅವನು. ಒಲೆಯ ಬಾಯಿಯ ಮುಂದಿನ ಗುಂಡಿಯಲ್ಲಿ ಇಳಿದು ನಿಂತು, ಒಣಸಿಪ್ಪೆಯನ್ನು ಕಟ್ಟುಕಟ್ಟಾಗಿ ಒಳಗೆ ನೂಕುತ್ತಿದ್ದ. ಹುಬ್ಬಿನ ಕೂದಲೆಲ್ಲ ಸುಟ್ಟು ಅವನ ಮುಖ ಯಾವಾಗಲೂ ಏನನ್ನೋ ಕಂಡು ಬೆರಗಾದಂತೆ ಕಾಣುತ್ತಿತ್ತು. ಒಂದು ಕೊಪ್ಪರಿಗೆ ಇಳಿದ ಕೂಡಲೇ ಗುಂಡಿಯಿಂದ ಮೇಲೆ ಬಂದು ಹೊಂಗೆಮರದ ಬುಡದಲ್ಲಿ ಮುಖಕ್ಕೆ ಟವೆಲ್ ಹಾಕಿಕೊಂಡು ಮಲಗುತ್ತಿದ್ದ. ಅರ್ಧ ಗಂಟೆ. ಪಾಂಡವಪುರದಿಂದ ಸೈಕಲ್ಲಿನಲ್ಲಿ ಬರುತ್ತಿದ್ದ, ಪಾಕದ ಹದ ನೋಡುವ ರಶೀದ್ ಸಾಬರು ಮುಂದಿನ ಕೊಪ್ಪರಿಗೆಗೆ ಹಾಲು ತುಂಬಿಸಿ "ಬೋರಣ್ಣ" ಎಂದು ಒಂದು ಸಲ ಕೂಗಿದರೆ ಎದ್ದುಬಿಡುತ್ತಿದ್ದ. ಎರಡನೇ ಸಲ ಕೂಗಿಸಿಕೊಂಡವನಲ್ಲ. ನನಗೆ ಬಿಸಿ ಬೆಲ್ಲವನ್ನು ಕಬ್ಬಿನ ಗರಿಯ ಮೇಲೆ ಸುರಿದು, ಆರುವವರೆಗೂ ಮುಟ್ಟಬಾರದೆಂದು ಕೈ ಹಿಡಿದುಕೊಂಡು ಕೂರುತ್ತಿದ್ದವನು ಅವನೇ.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ, ಶಿವರಾತ್ರಿಗೆ ಇನ್ನೂ ನಾಲ್ಕು ದಿನ ಇರುವಾಗ ಅಪ್ಪ ಎಂದಿನಂತೆ ಕೇಳಿದ. ಅಜ್ಜಿ ನೋಡಿದಳು. ಬೆಟ್ಟ ಬೋಳಾಗಿತ್ತು. ಇರುವೆಗಳು ತಮ್ಮ ಪಾಡಿಗೆ ಇದ್ದವು. ಎಣಿಸಲು ಮಳೆ ನಕ್ಷತ್ರವೇ ಇರಲಿಲ್ಲ. ಆ ತಿಂಗಳಲ್ಲಿ ನಮ್ಮ ಕಡೆ ಮಳೆ ಎಂಬ ಮಾತೇ ಇಲ್ಲ.

"ಅದೇನ್ ಕೇಳ್ತೀಯಪ್ಪ, ಶಿವರಾತ್ರೀಲಿ ಯಾವ ಮಳೆ. ಎಲ್ಲಾನೂ ಅರವು," ಎಂದಳು.

ಅಪ್ಪ ಎಲ್ಲವನ್ನೂ ಹರವಿಸಿದ. ಗದ್ದೆಬಯಲಿನ ತುಂಬ ಹಳದಿ ಸಿಪ್ಪೆ. ಸಂಜೆ ನಾಲ್ಕಕ್ಕೆ, ಯಾವ ಕಡೆಯಿಂದ ಎಂದು ಯಾರಿಗೂ ತಿಳಿಯದಂತೆ, ಮೋಡ ಕವಿಯಿತು. ಗುಡುಗಿಲ್ಲ, ಗಾಳಿಯಿಲ್ಲ. ಶಬ್ದವೇ ಇಲ್ಲದೆ ಹನಿಯಲು ಶುರುವಾದ ಮಳೆ ನಾಲ್ಕು ದಿನ ನಿಲ್ಲಲಿಲ್ಲ. ಅವ್ವ, ಅಪ್ಪ, ಬೋರಣ್ಣ, ಅವನ ಹೆಂಡತಿ ಕಾಳಕ್ಕ ಎಲ್ಲರೂ ಸಿಪ್ಪೆ ಬಾಚಲು ಓಡಿದರು. ಬಾಚಿದ್ದೂ ನೆಂದಿತು. ಕೊಪ್ಪರಿಗೆಯಲ್ಲಿ ಅರ್ಧ ಬೆಂದ ಹಾಲಿತ್ತು, ಒಲೆಗೆ ಹಾಕಿದ ಹಸಿ ಸಿಪ್ಪೆ ಉರಿಯದೆ ಬಿಳಿ ಹೊಗೆ ಕಾರುತ್ತಿತ್ತು. ರಶೀದ್ ಸಾಬರು ಪಾಕ ಕಲಕುವ ಹುಟ್ಟು ಹಿಡಿದು ನಿಂತೇ ಇದ್ದರು. ಕೊನೆಗೆ ಹಾಲು ಹುಳಿಯಿತು, ಆ ಹುಳಿ ವಾಸನೆ ಮನೆಯೊಳಗಿನ ಹಾಸಿಗೆಗೂ ಹತ್ತಿತು. ಶಿವರಾತ್ರಿಯ ದಿನ ಉಪವಾಸದಲ್ಲಿದ್ದ ಅಜ್ಜಿ ಜಗಲಿಯ ಕಂಬಕ್ಕೆ ಒರಗಿ ಮಳೆಯನ್ನು ನೋಡುತ್ತ ಕೂತಿದ್ದಳು. ಅಪ್ಪ ಒದ್ದೆ ಬಟ್ಟೆಯಲ್ಲೇ ಬಂದು ಅವಳ ಮುಂದೆ ನಿಂತ.

"ನೀನೇ ಯೋಳ್ದೆ ಕಣವ್ವ."

"ಊಂ ಕಣಪ್ಪ, ನಾನೇ ಯೋಳ್ದೆ."

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆವತ್ತಿನಿಂದ ಅವನು ಅಜ್ಜಿಯನ್ನು ಕೇಳುವುದನ್ನೇ ಬಿಟ್ಟ. ಬೆಳಿಗ್ಗೆ ಹಿತ್ತಿಲ ಬಾಗಿಲಿನಿಂದಲೇ ಆಲೆಮನೆಗೆ ಹೋಗುತ್ತಿದ್ದ. ಅಜ್ಜಿ ಮಾತ್ರ ಕೆಲವು ದಿನ ಜಗಲಿಗೆ ಬಂದು ನಿಂತಳು, ಆಮೇಲೆ ನಿಲ್ಲುವುದನ್ನೂ ಬಿಟ್ಟಳು. ಊಟದ ಹೊತ್ತಿನಲ್ಲಿ ಮುದ್ದೆ ಮುರಿಯುತ್ತ, ಯಾರನ್ನೂ ನೋಡದೆ, ಒಂದು ಸಲ ಅಂದಳು: "ಈ ಮಳೇದು ಗುರ್ತೇ ಸಿಕ್ತಿಲ್ವಲ್ಲ." ಅವ್ವ ಸಾರು ಬಡಿಸುವ ಕೈ ನಿಲ್ಲಿಸಿದಳು.

ಗದ್ದೆಯಲ್ಲಿ ಕಡಿಯಲು ಬಂದ ಕಬ್ಬು ನಿಂತಿತ್ತು. ಸಿಪ್ಪೆ ಒಣಗುವವರೆಗೂ ಅದು ಕಾಯುವುದಿಲ್ಲ. ಅಪ್ಪ ಗರಗಸದವರನ್ನು ಕರೆಸಿದ. ಮೊದಲು ಒಂದು ಮಾವು, ಸೌದೆಗೆ ಅಷ್ಟು ಸಾಕು ಎಂದ. ಹದಿನೈದು ದಿನಕ್ಕೆ ಬೇವು ಹೋಯಿತು. ಹಿಪ್ಪೆಮರ ಬೀಳುವ ದಿನ ಅಜ್ಜಿ ಹಿತ್ತಿಲಿಗೆ ಬಂದು, "ಅದು ನಿಮ್ಮಪ್ಪ ಮಡಗಿದ್ ಮರ ಕಣ್ಲಾ," ಎಂದಳು. ಅಪ್ಪ ಮರ ಕಡಿಯುವವರ ಕಡೆಗೇ ನೋಡುತ್ತ ಉತ್ತರ ಕೊಟ್ಟ.

"ಅಪ್ಪ ಮಡಗಿದ್ ಕಾಲ್ದಲ್ಲಿ ಮಳೆ ಯೋಳಿ ಬತ್ತಿತ್ತು ಕಣವ್ವ."

ಈ ಮಾತು ಅಜ್ಜಿಗೆ ಎಲ್ಲಿ ತಾಗಿತೆಂದು ನನಗೆ ಆಗ ಗೊತ್ತಾಗಲಿಲ್ಲ. ಅವಳು ಒಳಗೆ ಹೋದಳು. ಬೋರಣ್ಣನ ಹೊಂಗೆಮರ ಎಲ್ಲಕ್ಕಿಂತ ಕೊನೆಗೆ ಉರುಳಿತು. ಅದರ ಹಸಿ ತುಂಡುಗಳನ್ನು ಒಲೆಗೆ ನೂಕಿದವನು ಬೋರಣ್ಣನೇ. ಅದು ಬುಸುಗುಟ್ಟುತ್ತ, ತುದಿಯಲ್ಲಿ ನೊರೆ ಕಕ್ಕುತ್ತ ಉರಿಯಿತು.

ಮಾರನೇ ವರ್ಷ ಮುಂಗಾರು ಹೊತ್ತಿಗೆ ಬರಲಿಲ್ಲ. ಬಂದಾಗ ಎರಡು ದಿನದಲ್ಲಿ ಸುರಿದು ಹೋಯಿತು. ದೀಪಾವಳಿ ಮುಗಿದು ಕೊಯ್ಲಿನ ಹೊತ್ತಿನಲ್ಲಿ ಮತ್ತೆ ಜಿಟಿಜಿಟಿ ಹಿಡಿಯಿತು. ಸಿಪ್ಪೆ ಮತ್ತೆ ನೆಂದಿತು, ಕಡಿಯಲು ಮರವಿರಲಿಲ್ಲ. ಒಂದು ಮಧ್ಯಾಹ್ನ ನಾನು ಸ್ಕೂಲಿನಿಂದ ಬಂದಾಗ ಲಾರಿಯೊಂದು ತೋಪಿದ್ದ ಜಾಗದಲ್ಲಿ ಹಳೇ ಟೈರುಗಳನ್ನು ಸುರಿಯುತ್ತಿತ್ತು. ಸುತ್ತಲಿನ ಊರುಗಳ ಆಲೆಮನೆಗಳಿಗೆ ಅವು ಆಗಲೇ ಬಂದಿದ್ದವಂತೆ. ರಶೀದ್ ಸಾಬರು ಒಂದು ಟೈರನ್ನು ಕಾಲಿನಿಂದ ಉರುಳಿಸಿ ನೋಡಿ, ಅಪ್ಪನಿಗೆ ಹೇಳಿದರು.

"ಗೌಡ್ರೆ, ಇದರ ಉರಿ ನನ್ ಮಾತ್ ಕೇಳಲ್ಲ. ಪಾಕ ಎಂಗ್ ಇಡೀಲಿ?"

"ಎಂಗೋ ಇಡೀರಿ ಸಾಬ್ರೆ. ಬೇರೆ ಏನ್ ಉರಿ ಐತೆ, ನೀವೇ ಯೋಳಿ."

ಮೊದಲ ಟೈರು ಒಲೆಗೆ ಬಿದ್ದ ದಿನ ಬೆಂಕಿ ಚಪ್ಪರದ ತೆಂಗಿನ ಗರಿಗೆ ತಾಗುವಷ್ಟು ಎದ್ದಿತು. ಬೆಂಕಿ ಹತ್ತೀತೆಂದು ಅಪ್ಪ ಗರಿ ತೆಗೆಸಿ ತಗಡು ಹೊದಿಸಿದ. ಚಿಮಣಿಯಿಂದ ಬಂದ ಹೊಗೆ ನಾನು ಅಲ್ಲಿಯವರೆಗೆ ಕಂಡ ಹೊಗೆಯ ಹಾಗಿರಲಿಲ್ಲ. ಸಿಪ್ಪೆಯ ಹೊಗೆ ಬೆಳ್ಳಗೆ, ಹಗುರವಾಗಿ ಮೇಲೆ ಹೋಗಿ ಕರಗುತ್ತಿತ್ತು. ಇದು ಹಗ್ಗದ ಹಾಗೆ ದಪ್ಪಗೆ, ಕಪ್ಪಗೆ ಹೊರಟು, ಸ್ವಲ್ಪ ಮೇಲೆ ಹೋಗಿ ಅಲ್ಲೇ ಬಗ್ಗಿ ನಮ್ಮ ಹೆಂಚಿನ ಮೇಲೆ ಇಳಿಯುತ್ತಿತ್ತು. ಅವ್ವ ಒಗೆದು ಹಾಕಿದ ಬಟ್ಟೆಯ ಮೇಲೆ, ಬಾಗಿಲ ರಂಗೋಲಿಯ ಮೇಲೆ, ಹಾಲಿನ ಕೆನೆಯ ಮೇಲೆ ಮಸಿ. ಹೊಸ ಬೆಲ್ಲದ ಮೊದಲ ಅಚ್ಚನ್ನು ದೇವರ ಮುಂದೆ ಇಡುವುದು ನಮ್ಮ ಮನೆಯ ಪದ್ಧತಿ. ಆ ವರ್ಷ ಅಜ್ಜಿ ಅದನ್ನು ಮೂಸಿ ನೋಡಿ, ಅಂಗಡಿಯಿಂದ ತಂದ ಸಕ್ಕರೆಯನ್ನು ಇಟ್ಟಳು. ಅಪ್ಪ ಅದನ್ನು ನೋಡಿದ.

ಆ ದಿನಗಳಲ್ಲೇ ನಮ್ಮ ಸ್ಕೂಲಿನ ವಿಜ್ಞಾನದ ಮೇಷ್ಟ್ರು ಬೋರ್ಡಿನ ಮೇಲೆ ಒಂದು ಗುಂಡು ಬರೆದು, ಅದರ ಸುತ್ತ ಇನ್ನೊಂದು ಗೆರೆ ಎಳೆದು, ನಾವು ಸುಡುವ ಕಲ್ಲಿದ್ದಲು, ಪೆಟ್ರೋಲು, ಮರ ಎಲ್ಲದರಿಂದ ಏಳುವ ಒಂದು ಅನಿಲ ಭೂಮಿಗೆ ಕಂಬಳಿಯಂತೆ ಸುತ್ತಿಕೊಳ್ಳುತ್ತದೆ, ಒಳಗಿನ ಕಾವು ಹೊರಗೆ ಹೋಗುವುದಿಲ್ಲ, ಮುಂದೆ ಮಳೆಗಾಲ ಬೇಸಿಗೆಗಳೆಲ್ಲ ದಾರಿ ತಪ್ಪುತ್ತವೆ ಎಂದರು. ಉಳಿದವರಿಗೆ ಅದು ಪರೀಕ್ಷೆಗೆ ಬರುವ ಪ್ರಶ್ನೆ. ನನಗೆ ನಮ್ಮ ಒಲೆಯ ನೆನಪಾಯಿತು. ಮನೆಗೆ ಓಡಿ ಬಂದು ಅಪ್ಪನಿಗೆ ಹೇಳಿದೆ. ಗಾಣದ ಹಲ್ಲುಚಕ್ರಕ್ಕೆ ಎಣ್ಣೆ ಬಿಡುತ್ತಿದ್ದವನು ಶಿವರಾತ್ರಿಯ ಆ ಮಳೆಯ ನಂತರ ಮೊದಲ ಸಲ ನಕ್ಕ.

"ನಮ್ದೊಂದ್ ಒಲೇಲಿ ಭೂಮಿ ಬಿಸಿ ಆಯ್ತದಾ ಮಗ? ಅಂಗಾದ್ರೆ ನಾನ್ ದೊಡ್ ಮನ್ಸ ಆಗ್ಬುಟ್ಟೆ."

ಅವನ ಮಾತು ಸುಳ್ಳಲ್ಲ. ಶಿವರಾತ್ರಿಯ ಆ ಮಳೆಯನ್ನು ನಮ್ಮ ಒಲೆ ತಂದಿರಲಿಲ್ಲ. ಎಲ್ಲೆಲ್ಲಿಯೋ, ಯಾರು ಯಾರದೋ ಒಲೆಗಳು, ನಾವು ಹೆಸರು ಕೇಳದ ಊರುಗಳ ಚಿಮಣಿಗಳು ಸೇರಿ ಕೆಡಿಸಿದ ಆಕಾಶ ಅದು ಎಂದು ಈಗ ಓದಿ ತಿಳಿದಿದ್ದೇನೆ. ಒಂದೊಂದು ಮಳೆಯನ್ನು ಹಿಡಿದು ಇಂಥವರದೇ ಎನ್ನುವುದು ಕಷ್ಟ ಎಂದೂ ಓದಿದ್ದೇನೆ. ಆದರೆ ಆ ಕೆಟ್ಟ ಆಕಾಶಕ್ಕೆ ನಾವು ಕೊಟ್ಟ ಉತ್ತರ ಇನ್ನಷ್ಟು ಹೊಗೆ. ಮಳೆ ಸಿಪ್ಪೆ ನೆನೆಸಿತು, ನಾವು ಮರ ಕಡಿದೆವು. ಮರ ಮುಗಿಯಿತು, ಟೈರು ಸುಟ್ಟೆವು. ಪ್ರತಿ ಹೆಜ್ಜೆಗೂ ಅಪ್ಪನ ಹತ್ತಿರ ಕಾರಣವಿತ್ತು. ಒಂದು ಕಾರಣವನ್ನೂ ನಾನು ಇವತ್ತಿಗೂ ತಳ್ಳಿಹಾಕಲಾರೆ. ಅದೇ ನನಗೆ ಹೆದರಿಕೆ.

ನನ್ನ ತಮ್ಮ ಆಗ ಏಳು ತಿಂಗಳ ಕೂಸು. ಅವನ ಎದೆಯಲ್ಲಿ ಸಂಕ್ರಾಂತಿಯ ಹೊತ್ತಿಗೆ ಒಂದು ಸದ್ದು ಶುರುವಾಯಿತು. ಹಳೇ ಬಾಗಿಲನ್ನು ಮೆಲ್ಲಗೆ ತೆಗೆದರೆ ಬರುತ್ತದಲ್ಲ, ಅಂಥದು. ಅವ್ವ ಕಿಟಕಿಗಳಿಗೆ ಹಳೇ ಸೀರೆ ಕಟ್ಟಿದಳು. ಬೆಳಿಗ್ಗೆ ಸೀರೆ ಕರ್ರಗಾಗಿರುತ್ತಿತ್ತು. ಯುಗಾದಿಯ ದಿನ, ಬೇವು ಬೆಲ್ಲ ಕೈಗೆ ಕೊಡುವಾಗ, ಅವ್ವ ಅಪ್ಪನಿಗೆ ಹೇಳಿಬಿಟ್ಟಳು.

"ಈ ಬೆಲ್ಲ ನನ್ ಕೂಸಿಗೆ ಇಕ್ಕಲ್ಲ."

"ಇನ್ ಒಂದ್ ತಿಂಗ್ಳು ತಡ್ಕೋ. ಕಬ್ ಮುಗೀತದೆ."

"ನೀವು ತಡ್ಕಳಿ. ಅದುಕ್ಕೆ ತಡ್ಕಳಕ್ಕೆ ಎದೆ ಎಲ್ಲೈತೆ?"

ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ಅತ್ತೆ ಸೊಸೆಯರ ನಡುವೆ ಸಣ್ಣಪುಟ್ಟದಕ್ಕೂ ಮಾತು ಬೆಳೆಯುತ್ತಿದ್ದ ಮನೆ ನಮ್ಮದು. ಆವತ್ತು ಅಜ್ಜಿ ಒಳಗೆ ಹೋಗಿ ಕೂಸಿನ ಬಟ್ಟೆಗಳನ್ನು ಗಂಟು ಕಟ್ಟಿ ತಂದು ಸೊಸೆಯ ಕೈಗೆ ಕೊಟ್ಟಳು. "ಓಗವ್ವ. ಕೂಸ್ ಉಳುಸ್ಕೋ." ಅವ್ವ ತನ್ನ ತವರು ಅಕ್ಕಿಹೆಬ್ಬಾಳಿಗೆ ಹೊರಟಳು. ನನಗೆ ಪರೀಕ್ಷೆ ಇತ್ತು, ಅಜ್ಜಿಯೊಬ್ಬಳೇ ಆಗುತ್ತಾಳೆಂದು ನಾನು ಉಳಿದೆ. ಹೇಮಾವತಿಯ ದಂಡೆಯಲ್ಲಿ ತಮ್ಮನ ಎದೆ ಎರಡೇ ವಾರಕ್ಕೆ ತಿಳಿಯಾಯಿತೆಂದು ಕೆ.ಆರ್.ಪೇಟೆ ಬಸ್ಸಿನಲ್ಲಿ ಬಂದವರು ಹೇಳಿದರು. ಅಪ್ಪ ಕೇಳಿಸಿಕೊಂಡು ಟೈರು ಕತ್ತರಿಸುವ ಕಡೆಗೆ ಹೋದ.

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ನಮ್ಮ ಕಡೆ ಗಾದೆ. ಆ ವರ್ಷ ಭರಣಿಯಲ್ಲಿ ಒಂದು ಹನಿ ಬೀಳಲಿಲ್ಲ. ನಾಲೆಯಲ್ಲಿ ನೀರು ನಿಲ್ಲಿಸಿದ್ದರು. ಬೆಳಿಗ್ಗೆ ಒಂಬತ್ತಕ್ಕೇ ಗಾಳಿ ಒಲೆಯ ಬಾಯಿಂದ ಬಂದಂತಿರುತ್ತಿತ್ತು. ಕಾಗೆಗಳು ಬಾಯಿ ತೆರೆದುಕೊಂಡು ಗೋಡೆಯ ಮೇಲೆ ಕೂರುತ್ತಿದ್ದವು, ಹಾರುತ್ತಿರಲಿಲ್ಲ. ಒಂದು ದಿನ ಅಜ್ಜಿ, ಮಧ್ಯಾಹ್ನ ಕೆಲಸ ನಿಲ್ಲಿಸು ಎಂದು ಬಹಳ ದಿನಗಳ ಮೇಲೆ ಅಪ್ಪನಿಗೆ ತಾನಾಗಿ ಹೇಳಿದಳು. ಅಪ್ಪ, "ಇವತ್ತೊಂದ್ ಎರಡು ಕೊಪ್ರಿಗೆ ಇಳಿಸಿ ನಿಲ್ಲಿಸ್ತೀನಿ ಬುಡು," ಎಂದ. ಅವಳ ಮಾತನ್ನು ಅಷ್ಟು ಕೇಳಿದ್ದೇ ಹೆಚ್ಚು ಎಂದು ಅಜ್ಜಿಗೆ ಸಮಾಧಾನವಾಗಿರಬೇಕು. ಮಜ್ಜಿಗೆ ಕಡೆದು, ಉಪ್ಪು, ಈರುಳ್ಳಿ ಹಾಕಿ, ದೊಡ್ಡ ಚೊಂಬು ನನ್ನ ಕೈಗೆ ಕೊಟ್ಟಳು.

"ಬೋರನ್ಗೆ ಕೊಟ್ಬಾ. ನಿಂತ್ಕಂಡು ಕುಡ್ಸು."

ಈ ಕೆಲಸ ದಿನವೂ ಅವ್ವನದು. ಅವ್ವ ಇರಲಿಲ್ಲ. ನನ್ನ ಚಪ್ಪಲಿಯ ಬಾರು ಕಿತ್ತಿತ್ತು. ಬರಿಗಾಲಲ್ಲಿ ಐವತ್ತು ಹೆಜ್ಜೆಯನ್ನು ಕುಣಿಯುತ್ತ ಓಡಿದೆ. ಮೊದಲ ಕೊಪ್ಪರಿಗೆ ಆಗಷ್ಟೇ ಇಳಿದಿತ್ತು. ಅಪ್ಪನೂ ಸಾಬರೂ ಅಚ್ಚಿನ ಕಡೆ ಇದ್ದರು. ಬೋರಣ್ಣ ಗುಂಡಿಯಿಂದ ಮೇಲೆ ಬಂದು, ಹೋಗಲು ಬೇರೆ ಜಾಗವಿಲ್ಲದೆ, ಒಲೆಯ ಹಿಂದಿನ ತಗಡಿನ ಚಪ್ಪರದ ಕೆಳಗೆ ಮಲಗಿದ್ದ. ಮುಖದ ಮೇಲೆ ಟವೆಲ್ ಇತ್ತು. ಎದೆ ಬೇಗಬೇಗ ಏರಿ ಇಳಿಯುತ್ತಿತ್ತು. ಕೈಗಳು ಒಣಗಿದ್ದವು, ಯಾವಾಗಲೂ ಬೆವರಿನಲ್ಲಿ ಹೊಳೆಯುತ್ತಿದ್ದ ಕೈಗಳಲ್ಲಿ ಒಂದು ಹನಿ ಬೆವರೂ ಇಲ್ಲ. ಅದನ್ನು ನಾನು ಕಂಡೆ. ಕಂಡಿದ್ದೇನೆ. ಅದಕ್ಕೆ ಅರ್ಥವಿದೆಯೆಂದು ಗೊತ್ತಿರಲಿಲ್ಲ. "ಬೋರಣ್ಣ, ಮಜ್ಗೆ," ಎಂದೆ. ಅವನು ಏನೋ ಗೊಣಗಿದ. ನನ್ನ ಅಂಗಾಲು ಸುಡುತ್ತಿತ್ತು. ಚೊಂಬನ್ನು ಅವನ ತಲೆಯ ಪಕ್ಕ ಇಟ್ಟು ಮನೆಗೆ ಓಡಿ ಬಂದೆ.

"ಕುಡುದ್ನಾ?" ಎಂದಳು ಅಜ್ಜಿ.

"ಊಂ," ಎಂದೆ.

ಸಾಬರು ಅವನನ್ನು ಒಂದು ಸಲ ಕೂಗಿದರು. ಎರಡನೇ ಸಲ ಕೂಗಿದ್ದು ನಮ್ಮ ಅಡುಗೆಮನೆಗೆ ಕೇಳಿಸಿತು. ಮೂರನೆಯದು ಕೂಗಲ್ಲ, ಬೇರೆ ಏನೋ. ಅಪ್ಪ ಅವನನ್ನು ತಾನೇ ಎತ್ತಿ ಟ್ರಾಕ್ಟರಿಗೆ ಹಾಕಿದ. ಸಾಬರು ಮಡಿಲಲ್ಲಿ ತಲೆ ಇಟ್ಟುಕೊಂಡು ನೀರು ಹನಿಸುತ್ತ ಕೂತರು. ನಾಲೆಯ ಸೇತುವೆ ದಾಟುವ ಮುಂಚೆ ಟ್ರಾಕ್ಟರು ನಿಂತದ್ದನ್ನು ನಾನೂ ಅಜ್ಜಿಯೂ ಜಗಲಿಯ ಮೇಲಿಂದ ನೋಡಿದೆವು. ಬಹಳ ಹೊತ್ತು ಅದು ಅಲ್ಲೇ ನಿಂತಿತ್ತು. ಆಮೇಲೆ ಮೆಲ್ಲಗೆ ತಿರುಗಿತು.

ಬಿಸಿಲು ಹೊಡೆಯಿತು ಎಂದು ಊರು ಹೇಳಿತು. ಅಷ್ಟೇ ಹೇಳಿತು. ಮಣ್ಣು ಮುಗಿಸಿ ಬಂದ ಮೇಲೆ ಅಪ್ಪ ಒಲೆಯಲ್ಲಿದ್ದ ಕೆಂಡದ ಮೇಲೆ ಬಿಂದಿಗೆ ಬಿಂದಿಗೆ ನೀರು ಸುರಿದ. ಒಲೆ ಬಿರುಕು ಬಿಟ್ಟಿತು. ಆ ವರ್ಷದ ಉಳಿದ ಕಬ್ಬು ಗದ್ದೆಯಲ್ಲೇ ಒಣಗಿತು. ಅವ್ವ ತಮ್ಮನನ್ನು ಕರೆದುಕೊಂಡು ವಾಪಸ್ಸು ಬಂದಳು. ಎರಡು ವರ್ಷದ ಮೇಲೆ ಅಪ್ಪ ಒಲೆ ಮತ್ತೆ ಕಟ್ಟಿಸಿದ. ಸಿಪ್ಪೆ ಒಣಗಿಸಿಡಲು ದೊಡ್ಡ ಕೊಟ್ಟಿಗೆ ಹಾಕಿಸಿದ, ಟೈರಿನ ಲಾರಿಯನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿದ. ತೋಪಿದ್ದ ಕಡೆ ಹೊಂಗೆ ಸಸಿ ನೆಟ್ಟ. ಬೇಸಿಗೆಗೆ ಸುಮಾರು ಸತ್ತವು, ಮತ್ತೆ ನೆಟ್ಟ. ಆದರೆ ಬೆಳಿಗ್ಗೆ ನಮ್ಮ ಜಗಲಿಯಿಂದ ನೋಡಿದರೆ ಸುತ್ತಲಿನ ಊರುಗಳ ಮೇಲೆ ಕಪ್ಪು ಹೊಗೆ ನಿಂತಿರುತ್ತಿತ್ತು. ತಮ್ಮನ ಎದೆಯ ಸದ್ದು ಪ್ರತಿ ಸಂಕ್ರಾಂತಿಗೂ ಬಂದು ಹೋಗುತ್ತಿತ್ತು. ಅಜ್ಜಿ ಮಳೆಯ ವಿಷಯ ಎತ್ತದೆಯೇ ತೀರಿಕೊಂಡಳು.

ಹೈಸ್ಕೂಲು ಮುಗಿದು ನಾನು ನಾಗಮಂಗಲದಲ್ಲಿ ಹಾಸ್ಟೆಲಿಗೆ ಸೇರುವ ಹಿಂದಿನ ದಿನ ಕಾಳಕ್ಕನ ಮನೆಗೆ ಹೋದೆ. ಆ "ಊಂ" ನನ್ನ ಗಂಟಲಲ್ಲಿ ನಾಲ್ಕು ವರ್ಷದಿಂದ ಇತ್ತು. ಯಾರಿಗೂ ಹೇಳಿರಲಿಲ್ಲ. ಕಾಳಕ್ಕ ಗೋಡೆಗೆ ಒರಗಿ ತೆಂಗಿನ ಗರಿ ಸೀಳಿ ಪೊರಕೆ ಕಟ್ಟುತ್ತಿದ್ದಳು. ಕೂರು ಎಂದಳು. ಕೂತೆ. ಹೇಗೆ ಶುರು ಮಾಡುವುದೆಂದು ತಿಳಿಯದೆ ಶುರು ಮಾಡಿದೆ.

"ಕಾಳಕ್ಕ, ಆವತ್ತು ಬೋರಣ್ಣ ಮಲ್ಗಿದ್ದ. ಮೈ ಬೆವ್ತಿರ್ಲಿಲ್ಲ, ನೋಡ್ದೆ. ಎಬ್ಬಿಸ್ಲಿಲ್ಲ. ಕಾಲ್ ಸುಡ್ತಾ ಇತ್ತು ಅಂತ ಬಂದ್ಬುಟ್ಟೆ. ಅಜ್ಜಿಗೆ ಕುಡುದ ಅಂತ ಸುಳ್ ಯೋಳ್ದೆ."

ಅವಳ ಕೈಯ ಕತ್ತಿ ಗರಿಯ ಅರ್ಧದಲ್ಲಿ ನಿಂತಿತು. ಆಮೇಲೆ ಉಳಿದ ಅರ್ಧವನ್ನೂ ಸೀಳಿದಳು, ಕಡ್ಡಿಯನ್ನು ಪಕ್ಕಕ್ಕೆ ಇಟ್ಟಳು. ಅವಳು ಬೈಯಲಿ ಎಂದು ನಾನು ತಲೆ ತಗ್ಗಿಸಿ ಕೂತಿದ್ದೆ.

"ಎಬ್ಬಿಸಿದ್ರೂ ಎದ್ದು ಎಲ್ಲಿಗೋಯ್ತಿದ್ದ, ಯೋಳು ಮಗ," ಎಂದಳು. "ಎಲ್ಲಿತ್ತು ನೆಳ್ಳು?"

ಉತ್ತರ ಬೇಕೆಂದೇ ಕೇಳಿದ್ದಳು. ನನ್ನ ಮುಖ ನೋಡುತ್ತ ಬಹಳ ಹೊತ್ತು ಕಾದಳು.